ಗಡುವು ಮುಗಿಯಿತು, ಬಾಲದುಡಿಮೆ ಮುಗಿಯಲಿಲ್ಲ

2025ರೊಳಗೆ ಬಾಲಕಾರ್ಮಿಕ ಪದ್ಧತಿಯನ್ನು ಎಲ್ಲ ರೂಪಗಳಲ್ಲಿಯೂ ಕೊನೆಗಾಣಿಸುವುದಾಗಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರಲ್ಲಿ ಸಂಕಲ್ಪ ಮಾಡಿದ್ದವು. ಸುಸ್ಥಿರ ಅಭಿವೃದ್ಧಿಯ ಬಹುತೇಕ ಗುರಿಗಳಿಗೆ 2030ರವರೆಗೆ ಕಾಲಾವಕಾಶವಿದ್ದರೂ ಈ ಒಂದು ವಿಷಯದಲ್ಲಿ ಐದು ವರ್ಷ ಮೊದಲೇ ಗಡುವು ಹಾಕಿಕೊಳ್ಳಲಾಗಿತ್ತು. ಮಗುವಿನ ಬಾಲ್ಯ ಕಾಯುವುದಿಲ್ಲ ಎಂಬ ಅರಿವು ಅದರ ಹಿಂದಿತ್ತು. ಆ ಗಡುವು ಈಗ ಕಳೆದುಹೋಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಹಾಗೂ ಯುನಿಸೆಫ್ 2025ರ ಜೂನ್‌ನಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜಿನಂತೆ, 2024ರಲ್ಲಿ ಜಗತ್ತಿನ 13.8 ಕೋಟಿ ಮಕ್ಕಳು ಬಾಲಕಾರ್ಮಿಕರಾಗಿದ್ದರು. ಅವರಲ್ಲಿ 5.4 ಕೋಟಿ ಮಕ್ಕಳು ಮಾಡುತ್ತಿದ್ದುದು ಆರೋಗ್ಯಕ್ಕೆ ಅಥವಾ ಪ್ರಾಣಕ್ಕೆ ಅಪಾಯ ತರುವ ಕೆಲಸ.

ಈ ಅಂಕಿಯನ್ನು ಕೇವಲ ವೈಫಲ್ಯದ ಲೆಕ್ಕವಾಗಿ ಓದುವುದು ಸರಿಯಲ್ಲ. 2000ನೇ ಇಸವಿಯಲ್ಲಿ ಇದೇ ಸಂಖ್ಯೆ 24.6 ಕೋಟಿಯಷ್ಟಿತ್ತು. ಕಾಲು ಶತಮಾನದಲ್ಲಿ ಹತ್ತು ಕೋಟಿಗೂ ಹೆಚ್ಚು ಮಕ್ಕಳಷ್ಟು ಇಳಿಕೆಯಾಗಿರುವುದು ಸಣ್ಣ ಸಾಧನೆಯೇನಲ್ಲ. ಆದರೆ ಇಳಿಕೆಯ ವೇಗ ಒಂದೇ ಸಮನಾಗಿಲ್ಲ. 2016 ಮತ್ತು 2020ರ ನಡುವೆ ಸಂಖ್ಯೆ ಇಳಿಯುವ ಬದಲು 84 ಲಕ್ಷದಷ್ಟು ಏರಿ 16 ಕೋಟಿಗೆ ಮುಟ್ಟಿತ್ತು. ಇನ್ನು ಐದು ವರ್ಷಗಳಲ್ಲಿ ಈ ಪಿಡುಗನ್ನು ಕೊನೆಗಾಣಿಸಬೇಕಾದರೆ ಈಗಿನ ವೇಗವನ್ನು ಹನ್ನೊಂದು ಪಟ್ಟು ಹೆಚ್ಚಿಸಬೇಕು ಎಂದು ಅದೇ ವರದಿ ಹೇಳಿದೆ.

ಹಾಗಾದರೆ ಕಳೆದ ಮೂರು ದಶಕಗಳಲ್ಲಿ ಸರ್ಕಾರಗಳು, ಸೇವಾ ಸಂಸ್ಥೆಗಳು, ಶ್ರೀಮಂತ ರಾಷ್ಟ್ರಗಳ ಗ್ರಾಹಕರು ನಡೆಸಿದ ಪ್ರಯತ್ನಗಳಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕದೆ ಮತ್ತೊಂದು ಗಡುವನ್ನು ಘೋಷಿಸಿ ಪ್ರಯೋಜನವಿಲ್ಲ.

ಬಾಂಗ್ಲಾದೇಶ ಕಲಿಸಿದ ಪಾಠ

ಮೊದಲು ಬಳಕೆಗೆ ಬಂದ ಅಸ್ತ್ರ ವ್ಯಾಪಾರದ ಬೆದರಿಕೆ. ಮಕ್ಕಳ ದುಡಿಮೆಯಿಂದ ತಯಾರಾದ ಸರಕಿನ ಆಮದನ್ನು ನಿಷೇಧಿಸುವ ಮಸೂದೆಯೊಂದನ್ನು ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ 1992ರಲ್ಲಿ ಮಂಡಿಸಿದರು. ಮಸೂದೆ ಕಾಯ್ದೆಯಾಗಲೇ ಇಲ್ಲ. ಆದರೆ ಅದರ ಸುದ್ದಿಯೇ ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮವನ್ನು ನಡುಗಿಸಿತು. ಅಮೆರಿಕದ ಮಾರುಕಟ್ಟೆ ಕೈತಪ್ಪುವ ಭೀತಿಯಿಂದ ಕಾರ್ಖಾನೆಗಳ ಮಾಲೀಕರು ಮಕ್ಕಳನ್ನು ಏಕಾಏಕಿ ಹೊರಹಾಕಿದರು. ಹೀಗೆ ಕೆಲಸ ಕಳೆದುಕೊಂಡ ಮಕ್ಕಳ ಸಂಖ್ಯೆ ಸುಮಾರು 50 ಸಾವಿರ ಎಂದು ಯುನಿಸೆಫ್ ಅಂದಾಜಿಸಿತ್ತು.

ಹೊರಬಿದ್ದ ಮಕ್ಕಳು ಶಾಲೆಗೆ ಹೋದರೇ? ಹಲವರು ಕಲ್ಲು ಒಡೆಯುವ ಕೆಲಸಕ್ಕೆ, ಬೀದಿ ವ್ಯಾಪಾರಕ್ಕೆ, ಕೆಲವು ಹೆಣ್ಣುಮಕ್ಕಳು ವೇಶ್ಯಾವೃತ್ತಿಗೆ ತಳ್ಳಲ್ಪಟ್ಟರು ಎಂಬುದನ್ನು ಆನಂತರ ಅವರ ಜಾಡು ಹಿಡಿದು ಹೋದವರು ಕಂಡುಕೊಂಡರು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಮಗುವನ್ನು ಎಬ್ಬಿಸಲಾಯಿತೇ ಹೊರತು ಅದನ್ನು ಅಲ್ಲಿಗೆ ಕರೆತಂದ ಬಡತನ ಕದಲಲಿಲ್ಲ. ಈ ಅನಾಹುತದ ಬಳಿಕವೇ 1995ರ ಜುಲೈನಲ್ಲಿ ಉಡುಪು ತಯಾರಕರ ಸಂಘ, ಐಎಲ್‌ಒ ಹಾಗೂ ಯುನಿಸೆಫ್ ನಡುವೆ ಒಪ್ಪಂದವೇರ್ಪಟ್ಟಿತು. ಶಾಲೆಯಲ್ಲಿ ಸ್ಥಳ ಸಿಗುವವರೆಗೆ ಯಾವ ಮಗುವನ್ನೂ ಕೆಲಸದಿಂದ ತೆಗೆಯಕೂಡದು, ಶಾಲೆಗೆ ಸೇರಿದ ಮಗುವಿಗೆ ತಿಂಗಳಿಗೆ 300 ಟಾಕಾ ಸಹಾಯಧನ ನೀಡಬೇಕು ಎಂಬುದು ಅದರ ತಿರುಳು. ಆ ಒಪ್ಪಂದದ ನೆರವಿನಿಂದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆ ಸೇರಿದರು. ಮೊದಲು ಹೊರಹಾಕಲ್ಪಟ್ಟವರ ಸಂಖ್ಯೆಯೊಂದಿಗೆ ಇದನ್ನು ಹೋಲಿಸಿದರೆ, ಕ್ರಮ ತಪ್ಪಿದ ಸದುದ್ದೇಶಕ್ಕೆ ಮಕ್ಕಳು ತೆತ್ತ ಬೆಲೆ ಎಷ್ಟೆಂಬುದು ಅರ್ಥವಾಗುತ್ತದೆ.

ಕುಂದಾಪುರದಲ್ಲಿ ಕೇಳಿದ ದನಿ

ಈ ಪ್ರಶ್ನೆಗೂ ಕರ್ನಾಟಕಕ್ಕೂ ನೇರ ನಂಟಿದೆ. 1996ರ ನವೆಂಬರ್–ಡಿಸೆಂಬರ್‌ನಲ್ಲಿ ದುಡಿಯುವ ಮಕ್ಕಳ ಮೊದಲ ವಿಶ್ವ ಸಮ್ಮೇಳನ ನಡೆದದ್ದು ಕರಾವಳಿಯ ಕುಂದಾಪುರದಲ್ಲಿ. ಬೆಂಗಳೂರಿನ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಹಾಗೂ ಅದರ ಆಶ್ರಯದಲ್ಲಿ ರೂಪುಗೊಂಡ ದುಡಿಯುವ ಮಕ್ಕಳ ಸಂಘಟನೆ ಭೀಮಸಂಘದ ಕಾರ್ಯಕ್ಷೇತ್ರವದು. ಆಫ್ರಿಕ, ಲ್ಯಾಟಿನ್ ಅಮೆರಿಕ ಹಾಗೂ ಏಷ್ಯದ ಮಕ್ಕಳ ಪ್ರತಿನಿಧಿಗಳು ಅಲ್ಲಿ ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ಮಕ್ಕಳು ತಯಾರಿಸಿದ ಸರಕನ್ನು ಬಹಿಷ್ಕರಿಸುವುದನ್ನು ಆ ಘೋಷಣೆ ಸ್ಪಷ್ಟವಾಗಿ ವಿರೋಧಿಸಿತು. ತಮ್ಮನ್ನು ದುಡಿಮೆಗೆ ದೂಡಿದ ಮೂಲ ಕಾರಣ ಬಡತನ, ಅದರ ವಿರುದ್ಧ ಹೋರಾಡಿ ಎಂಬುದು ಮಕ್ಕಳ ಆಗ್ರಹವಾಗಿತ್ತು. ತಮ್ಮ ಬದುಕಿನ ಕುರಿತ ತೀರ್ಮಾನಗಳಲ್ಲಿ ತಮ್ಮನ್ನೂ ಕೇಳಬೇಕೆಂದು ಅವರು ಒತ್ತಾಯಿಸಿದರು.

ಇದಕ್ಕೆ ಎದುರಾದ ನಿಲುವೂ ಭಾರತದಲ್ಲಿಯೇ ಬಲಿಷ್ಠವಾಗಿ ಬೆಳೆಯಿತು. ಬಚಪನ್ ಬಚಾವೋ ಆಂದೋಲನದ ಕೈಲಾಶ್ ಸತ್ಯಾರ್ಥಿ ಅವರ ಮುಂದಾಳತ್ವದಲ್ಲಿ 1998ರ ಜನವರಿಯಲ್ಲಿ ಮನಿಲಾದಿಂದ ಹೊರಟ ಜಾಗತಿಕ ಜಾಥಾ ಜೂನ್‌ನಲ್ಲಿ ಜಿನೀವಾ ತಲುಪಿತು. ಮರುವರ್ಷವೇ ಐಎಲ್‌ಒ, ಬಾಲದುಡಿಮೆಯ ಅತಿ ಹೀನ ರೂಪಗಳನ್ನು ನಿಷೇಧಿಸುವ 182ನೇ ಒಡಂಬಡಿಕೆಯನ್ನು ಅಂಗೀಕರಿಸಿತು. 2020ರ ಆಗಸ್ಟ್‌ನಲ್ಲಿ ಟೋಂಗಾ ಸಹಿ ಹಾಕುವುದರೊಂದಿಗೆ ಐಎಲ್‌ಒದ ಎಲ್ಲ ಸದಸ್ಯ ರಾಷ್ಟ್ರಗಳೂ ಅನುಮೋದಿಸಿದ ಮೊದಲ ಕಾರ್ಮಿಕ ಒಡಂಬಡಿಕೆ ಎಂಬ ಹೆಗ್ಗಳಿಕೆ ಅದರದಾಯಿತು. ಭಾರತ ಇದನ್ನೂ, ಕನಿಷ್ಠ ವಯಸ್ಸಿಗೆ ಸಂಬಂಧಿಸಿದ 138ನೇ ಒಡಂಬಡಿಕೆಯನ್ನೂ 2017ರ ಜೂನ್‌ನಲ್ಲಿ ಅನುಮೋದಿಸಿತು. ಸತ್ಯಾರ್ಥಿ ಅವರಿಗೆ 2014ರಲ್ಲಿ ಮಲಾಲಾ ಯೂಸುಫ್‌ಝೈ ಜೊತೆಯಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ಕಾನೂನು ಬೇಡವೆಂದು ಕುಂದಾಪುರದ ಘೋಷಣೆಯನ್ನು ಓದುವುದೂ, ಮಕ್ಕಳ ಮಾತು ಕೇಳಬೇಕಿಲ್ಲವೆಂದು ಜಿನೀವಾದ ಒಡಂಬಡಿಕೆಯನ್ನು ಓದುವುದೂ ಎರಡೂ ತಪ್ಪು. ನಿಷೇಧವಿಲ್ಲದಿದ್ದರೆ ಮಾಲೀಕನಿಗೆ ಭಯವಿಲ್ಲ. ಆಸರೆಯಿಲ್ಲದಿದ್ದರೆ ನಿಷೇಧದ ಹೊರೆ ಬೀಳುವುದು ಮಗುವಿನ ಮೇಲೆಯೇ. ಬಾಂಗ್ಲಾದೇಶದಲ್ಲಿ ಆದದ್ದು ಇದೇ.

ಚೀಟಿ ತಲುಪದ ಹೊಲ

ಎರಡನೆಯ ಅಸ್ತ್ರ ಪ್ರಮಾಣಪತ್ರದ ಚೀಟಿ. ಭಾರತದ ರತ್ನಗಂಬಳಿಗಳಿಗಾಗಿ 1994ರಲ್ಲಿ ಆರಂಭವಾದ ‘ರಗ್‌ಮಾರ್ಕ್’ (2009ರಿಂದ ‘ಗುಡ್‌ವೀವ್’) ಈ ಮಾದರಿಯ ಮುಂಚೂಣಿಯಲ್ಲಿತ್ತು. ಮಗ್ಗಗಳನ್ನು ತಪಾಸಣೆ ಮಾಡಿ, ಮಕ್ಕಳ ದುಡಿಮೆಯಿಲ್ಲವೆಂದು ಖಚಿತಪಡಿಸಿ, ಕಂಬಳಿಗೆ ಗುರುತು ಹಚ್ಚುವ ವ್ಯವಸ್ಥೆಯಿದು. ಬಿಡುಗಡೆಯಾದ ಮಕ್ಕಳ ಶಿಕ್ಷಣಕ್ಕೂ ಸಂಸ್ಥೆ ನೆರವಾಯಿತು. ರಫ್ತು ಉದ್ಯಮದ ಮಟ್ಟಿಗೆ ಇದು ಉಪಯುಕ್ತವೇ. ಆದರೆ ಚೀಟಿ ಹಚ್ಚಲು ಒಂದು ಸರಕು ಬೇಕು, ಅದನ್ನು ಕೊಳ್ಳುವ ದೂರದ ಗ್ರಾಹಕ ಬೇಕು, ಪರಿಶೀಲಕ ಹೊಕ್ಕು ನೋಡಬಲ್ಲ ಕಟ್ಟಡ ಬೇಕು. ಬಹುತೇಕ ಬಾಲಕಾರ್ಮಿಕರ ಬದುಕಿನಲ್ಲಿ ಈ ಮೂರೂ ಇಲ್ಲ.

ಏಕೆಂದರೆ ಜಗತ್ತಿನ ಬಾಲಕಾರ್ಮಿಕರಲ್ಲಿ ಶೇ 61ರಷ್ಟು ಮಂದಿ ಇರುವುದು ಕೃಷಿಯಲ್ಲಿ. ಕೈಗಾರಿಕೆಯ ಪಾಲು ಶೇ 13 ಮಾತ್ರ. 2020ರ ಅಂದಾಜಿನಂತೆ ಶೇ 72ರಷ್ಟು ಮಕ್ಕಳು ದುಡಿಯುತ್ತಿದ್ದುದು ತಮ್ಮ ಕುಟುಂಬದ ಹೊಲದಲ್ಲಿ ಅಥವಾ ಕುಟುಂಬದ ಕಸುಬಿನಲ್ಲಿ. ಲೆಕ್ಕದಲ್ಲಿ ಗಂಡುಮಕ್ಕಳೇ ಹೆಚ್ಚು ಕಾಣುತ್ತಾರೆ. ಆದರೆ ವಾರಕ್ಕೆ 21 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಮನೆಗೆಲಸವನ್ನು ಸೇರಿಸಿದೊಡನೆ ಹೆಣ್ಣುಮಕ್ಕಳ ಸಂಖ್ಯೆ ಮುಂದಾಗುತ್ತದೆ. ಕಾರ್ಖಾನೆಯ ಮಗುವಿನ ಚಿತ್ರ ನಮ್ಮ ಕಲ್ಪನೆಯನ್ನು ಆವರಿಸಿರುವಷ್ಟು ಕಾಲ ಈ ಬಹುಸಂಖ್ಯಾತರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕೋಕೋ ಬೆಳೆಯ ಕಥೆ ಇದಕ್ಕೊಂದು ನಿದರ್ಶನ. ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಅತಿ ಹೀನ ರೂಪದ ಬಾಲದುಡಿಮೆಯನ್ನು 2005ರೊಳಗೆ ತೊಡೆದುಹಾಕುವುದಾಗಿ ಚಾಕೊಲೇಟ್ ಕಂಪನಿಗಳು 2001ರ ಹಾರ್ಕಿನ್–ಎಂಗೆಲ್ ಒಪ್ಪಂದದಲ್ಲಿ ಮಾತು ಕೊಟ್ಟಿದ್ದವು. ಆ ಗಡುವು ಒಂದಲ್ಲ, ಹಲವು ಬಾರಿ ಮುಂದೆ ಹೋಯಿತು. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ಹೊರತಂದ ಅಧ್ಯಯನದಂತೆ, ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ಕೃಷಿಯಲ್ಲಿ ಆಗಲೂ 15.6 ಲಕ್ಷ ಮಕ್ಕಳು ದುಡಿಯುತ್ತಿದ್ದರು.

ದೂರದ ಆಫ್ರಿಕವೇಕೆ, ಉತ್ತರ ಕರ್ನಾಟಕದ ಹೈಬ್ರಿಡ್ ಹತ್ತಿ ಬೀಜದ ಹೊಲಗಳನ್ನೇ ನೋಡಬಹುದು. ಹೈಬ್ರಿಡ್ ಬೀಜ ಬೇಕಾದರೆ ಹೆಣ್ಣು ಸಸ್ಯದ ಪ್ರತಿಯೊಂದು ಮೊಗ್ಗಿನಿಂದ ಕೇಸರವನ್ನು ಕೈಯಿಂದಲೇ ಬಿಡಿಸಿ ತೆಗೆಯಬೇಕು, ಮರುದಿನ ಗಂಡು ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಮಳೆಗಾಲದ ನಡುವೆ, ಶಾಲೆ ನಡೆಯುತ್ತಿರುವಾಗಲೇ, ಹಲವು ವಾರ ದಿನವೂ ನಡೆಯುವ ಕೆಲಸವಿದು. ಗಿಡ ಗಿಡ್ಡ, ಬೆರಳು ಸಣ್ಣದಾಗಿರಬೇಕು, ಕೂಲಿಯೂ ಕಡಿಮೆಯಿರಬೇಕು ಎಂಬ ಲೆಕ್ಕದಲ್ಲಿ ಹೆಣ್ಣುಮಕ್ಕಳನ್ನು ಇದಕ್ಕೆ ಬಳಸುತ್ತ ಬರಲಾಗಿದೆ. ಬೀಜ ಕಂಪನಿ ರೈತನಿಗೆ ಕೊಡುವ ಖರೀದಿ ದರ ಮೊದಲೇ ನಿಗದಿಯಾಗಿರುತ್ತದೆ. ವಯಸ್ಕರಿಗೆ ಪೂರ್ಣ ಕೂಲಿ ಕೊಟ್ಟರೆ ಸಣ್ಣ ರೈತನಿಗೆ ಉಳಿಯುವುದು ಅತ್ಯಲ್ಪ. ಹೀಗೆ ಕಂಪನಿಯ ದರಪಟ್ಟಿಯಲ್ಲಿ ಉಳಿದ ಹಣವನ್ನು ಕೊನೆಗೆ ಭರಿಸುವುದು ಶಾಲೆ ತಪ್ಪಿಸಿದ ಹುಡುಗಿ. ದೇಶದ ಹತ್ತಿ ಬೀಜ ಕೃಷಿಯಲ್ಲಿ 18 ವರ್ಷದೊಳಗಿನ ಸುಮಾರು 5 ಲಕ್ಷ ಮಕ್ಕಳಿದ್ದಾರೆ ಎಂದು 2015ರ ಅಧ್ಯಯನವೊಂದು ಅಂದಾಜಿಸಿತ್ತು. ಕರ್ನಾಟಕವೂ ಆ ಅಧ್ಯಯನದ ವ್ಯಾಪ್ತಿಯಲ್ಲಿತ್ತು.

ಕಾಯ್ದೆಯೊಳಗಿನ ಕಿಂಡಿ

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗಕ್ಕೆ ನೇಮಿಸುವುದನ್ನು ನಿಷೇಧಿಸಿತು. 14ರಿಂದ 18ರ ವಯಸ್ಸಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿತು. ತಪ್ಪಿತಸ್ಥ ಮಾಲೀಕರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿತ್ತಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಶಾಲೆಯ ಸಮಯದ ನಂತರ ಹಾಗೂ ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಮಗು ನೆರವಾಗಬಹುದು ಎಂಬ ವಿನಾಯಿತಿಯನ್ನೂ ಅದೇ ತಿದ್ದುಪಡಿ ಒಳಗೊಂಡಿದೆ. ‘ಕುಟುಂಬ’ ಎಂಬ ಪದದ ವ್ಯಾಪ್ತಿಯಲ್ಲಿ ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮಂದಿರೂ ಸೇರುತ್ತಾರೆ.

ತಂದೆಯ ಹೊಲದಲ್ಲಿ ಸಂಜೆ ಹೊತ್ತು ಕೈಜೋಡಿಸುವ ಮಗುವನ್ನು ಅಪರಾಧದ ಕಣ್ಣಿನಿಂದ ನೋಡಲಾಗದು ಎಂಬ ವಾದದಲ್ಲಿ ಹುರುಳಿದೆ. ಗ್ರಾಮೀಣ ಬದುಕು ಗೊತ್ತಿರುವ ಯಾರೂ ಅದನ್ನು ತಳ್ಳಿಹಾಕಲಾರರು. ಆದರೆ ನೆರವು ಎಲ್ಲಿ ಮುಗಿಯಿತು, ದುಡಿಮೆ ಎಲ್ಲಿ ಆರಂಭವಾಯಿತು ಎಂಬುದನ್ನು ತಾಲ್ಲೂಕಿಗೆ ಬೆರಳೆಣಿಕೆಯಷ್ಟಿರುವ ಕಾರ್ಮಿಕ ನಿರೀಕ್ಷಕರು ಅಳೆಯಲಾರರು. ಅದನ್ನು ದಿನವೂ ಅಳೆಯಬಲ್ಲ ದಾಖಲೆ ಒಂದೇ: ಶಾಲೆಯ ಹಾಜರಿ ಪುಸ್ತಕ.

ಶಾಲೆಯೆಂಬ ಉತ್ತರ

ಈ ಸರಳ ಸತ್ಯವನ್ನು ಕಾರ್ಯರೂಪಕ್ಕೆ ತಂದ ಕೀರ್ತಿ ನೆರೆಯ ರಾಜ್ಯದ ಎಂ.ವಿ. ಫೌಂಡೇಷನ್‌ಗೆ ಸಲ್ಲಬೇಕು. ಅಂದಿನ ಆಂಧ್ರಪ್ರದೇಶದ, ಇಂದಿನ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ 1990ರ ದಶಕದ ಆರಂಭದಿಂದ ಶಾಂತಾ ಸಿನ್ಹಾ ಮತ್ತವರ ಸಂಗಡಿಗರು ನಡೆಸಿದ ಕಾರ್ಯದ ತಳಹದಿ ಇಷ್ಟೇ: ಶಾಲೆಯ ಹೊರಗಿರುವ ಪ್ರತಿಯೊಂದು ಮಗುವೂ ಬಾಲಕಾರ್ಮಿಕ. ಅಪಾಯಕಾರಿ, ಅಪಾಯವಿಲ್ಲದ್ದು, ಕೂಲಿಯದು, ಮನೆಯದು ಎಂಬ ವಿಂಗಡಣೆಗಳನ್ನೆಲ್ಲ ಬದಿಗಿಟ್ಟು ಹಳ್ಳಿಯ ಎಲ್ಲ ಮಕ್ಕಳನ್ನೂ ಸರ್ಕಾರಿ ಶಾಲೆಗೆ ತರುವುದನ್ನು ಊರಿನ ಪ್ರತಿಷ್ಠೆಯ ವಿಷಯವಾಗಿಸಲಾಯಿತು. ಕಲಿಕೆಯಲ್ಲಿ ಹಿಂದುಳಿದವರನ್ನು ಸೇತುಬಂಧ ಶಿಬಿರಗಳ ಮೂಲಕ ವಯಸ್ಸಿಗೆ ತಕ್ಕ ತರಗತಿಗೆ ಸಿದ್ಧಗೊಳಿಸಲಾಯಿತು. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದರು.

ನಿಷೇಧದ ವಿಷಯದಲ್ಲಿ ಎಂ.ವಿ. ಫೌಂಡೇಷನ್ ಮತ್ತು ಕುಂದಾಪುರದ ಗುಂಪು ಎರಡು ಧ್ರುವಗಳಂತಿದ್ದವು. ಆದರೆ ಎರಡೂ ಕೆಲಸ ಮಾಡಿದ್ದು ಒಂದೇ ನೆಲೆಯಲ್ಲಿ: ಗ್ರಾಮ ಪಂಚಾಯಿತಿ ಮತ್ತು ಊರಿನ ಶಾಲೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ಮೊಳೆತ ಮಕ್ಕಳ ಪಂಚಾಯಿತಿಯ ಪ್ರಯೋಗವೇ ಮುಂದೆ ರಾಜ್ಯದೆಲ್ಲೆಡೆ ನಡೆಯುವ ಮಕ್ಕಳ ಗ್ರಾಮಸಭೆಗೆ ದಾರಿ ಮಾಡಿಕೊಟ್ಟಿತು. ಸೇವಾ ಸಂಸ್ಥೆಗಳ ಪ್ರಯತ್ನ ಬಾಳಿಕೆ ಬಂದದ್ದು ಸರ್ಕಾರದ ವ್ಯವಸ್ಥೆಯೊಳಗೆ ಬೇರು ಬಿಟ್ಟಾಗ ಎಂಬುದಕ್ಕೆ ಇವೆರಡೂ ಸಾಕ್ಷಿ.

ಬಿಸಿಯೂಟದ ಇತಿಹಾಸವೂ ಇದನ್ನೇ ಹೇಳುತ್ತದೆ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಅಕ್ಷಯ ಪಾತ್ರ ಕಾರ್ಯಾರಂಭ ಮಾಡಿತು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. 2002ರಲ್ಲಿ ಕರ್ನಾಟಕ ಸರ್ಕಾರ ಈಶಾನ್ಯ ಜಿಲ್ಲೆಗಳಿಂದ ‘ಅಕ್ಷರ ದಾಸೋಹ’ ಆರಂಭಿಸಿತು. ದಾನವಾಗಿ ಬಂದ ಊಟಕ್ಕೂ ಹಕ್ಕಾಗಿ ಬಂದ ಊಟಕ್ಕೂ ವ್ಯತ್ಯಾಸವಿದೆ. ದಾನಿಯ ಮನಸ್ಸು ಬದಲಾದೀತು; ಹಕ್ಕಾದ ಮೇಲೆ ಊಟ ನಿಂತರೆ ಪ್ರಶ್ನಿಸಲು ತಾಯಿಗೆ ಒಂದು ಬಾಗಿಲಿರುತ್ತದೆ.

ಕುಟುಂಬದ ಆದಾಯದ ಪ್ರಶ್ನೆಗೆ ಬ್ರೆಜಿಲ್ ಒಂದು ಉತ್ತರ ಕಂಡುಕೊಂಡಿತು. ಇದ್ದಿಲು ಸುಡುವ ಕೆಲಸದಿಂದ ಮಕ್ಕಳನ್ನು ಬಿಡಿಸಲು 1996ರಲ್ಲಿ ಅಲ್ಲಿ ಆರಂಭವಾದ ಯೋಜನೆಯು ಮಗು ಶಾಲೆಗೆ ಹೋಗುವ ಷರತ್ತಿನ ಮೇಲೆ ಕುಟುಂಬಕ್ಕೆ ನಗದು ನೀಡಿತು. ಶಾಲಾ ಹಾಜರಿಗೆ ನಗದನ್ನು ಬೆಸೆಯುವ ಈ ತತ್ವವನ್ನು 2003ರ ‘ಬೋಲ್ಸಾ ಫಮೀಲಿಯಾ’ ರಾಷ್ಟ್ರವ್ಯಾಪಿಯಾಗಿಸಿತು. ನಮ್ಮ ಸುಪ್ರೀಂ ಕೋರ್ಟ್‌ಗೂ ಅದೇ 1996ರಲ್ಲಿ ಇದೇ ತರ್ಕ ಹೊಳೆದಿತ್ತು. ಶಿವಕಾಶಿ ಕುರಿತ ಎಂ.ಸಿ. ಮೆಹ್ತಾ ಪ್ರಕರಣದ ತೀರ್ಪಿನಲ್ಲಿ, ಮಗುವೊಂದಕ್ಕೆ 20 ಸಾವಿರ ರೂಪಾಯಿಯಂತೆ ಮಾಲೀಕನಿಂದ ವಸೂಲು ಮಾಡಿ ಪುನರ್ವಸತಿ ನಿಧಿಗೆ ಸೇರಿಸಬೇಕು, ಆ ಕುಟುಂಬದ ವಯಸ್ಕರೊಬ್ಬರಿಗೆ ಕೆಲಸ ಕೊಡಬೇಕು, ಇಲ್ಲವಾದರೆ ಸರ್ಕಾರವೇ 5 ಸಾವಿರ ರೂಪಾಯಿ ಸೇರಿಸಬೇಕು ಎಂದು ನ್ಯಾಯಾಲಯ ಹೇಳಿತ್ತು. ಮಗುವಿನ ಜಾಗಕ್ಕೆ ವಯಸ್ಕರು ಎಂಬ ಆ ಸೂತ್ರಕ್ಕಿಂತ ಸೂಕ್ತವಾದ ಸೂತ್ರ ಇಂದಿಗೂ ಯಾವ ಅಂತರರಾಷ್ಟ್ರೀಯ ಘೋಷಣೆಯಲ್ಲೂ ಕಾಣಸಿಗದು.

ಹಣವೂ ಇಲ್ಲ, ಎಣಿಕೆಯೂ ಇಲ್ಲ

ಇಂತಹ ಹೊತ್ತಿನಲ್ಲಿ ಎರಡು ಬೆಳವಣಿಗೆಗಳು ಆತಂಕ ಹುಟ್ಟಿಸುತ್ತವೆ. ಮೊದಲನೆಯದು ಹಣದ್ದು. ಬಾಲದುಡಿಮೆಯ ವಿರುದ್ಧದ ಜಾಗತಿಕ ಯೋಜನೆಗಳಿಗೆ ದೀರ್ಘಕಾಲ ದೊಡ್ಡ ದಾನಿಯಾಗಿದ್ದುದು ಅಮೆರಿಕದ ಕಾರ್ಮಿಕ ಇಲಾಖೆ. 2025ರ ಮಾರ್ಚ್‌ನಲ್ಲಿ ಅದು ತನ್ನ ಅಂತರರಾಷ್ಟ್ರೀಯ ವಿಭಾಗದ ಅನುದಾನಗಳನ್ನು ರದ್ದುಪಡಿಸಿತು. ಒಂದು ದೇಶದ ಆಡಳಿತ ಬದಲಾದೊಡನೆ ಬೇರೆ ಖಂಡಗಳಲ್ಲಿ ಯೋಜನೆಗಳು ನಿಲ್ಲುವಂತಾದರೆ, ಅಂತಹ ನೆರವಿನ ಮೇಲೆ ಕಟ್ಟಿದ ವ್ಯವಸ್ಥೆ ಎಷ್ಟು ಗಟ್ಟಿ? ಇತ್ತ ನಮ್ಮಲ್ಲಿ 1988ರಿಂದ ನಡೆಯುತ್ತಿದ್ದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯನ್ನು 2021ರಲ್ಲಿ ಸಮಗ್ರ ಶಿಕ್ಷಣದೊಳಗೆ ವಿಲೀನಗೊಳಿಸಲಾಯಿತು. ಶಿಕ್ಷಣ ಇಲಾಖೆಯೇ ಹೊಣೆ ಹೊರುವುದು ತಾತ್ವಿಕವಾಗಿ ಸರಿ. ಆದರೆ ಜಿಲ್ಲೆಯಲ್ಲಿ ಈ ಮಕ್ಕಳಿಗೆಂದೇ ಇದ್ದ ಪ್ರತ್ಯೇಕ ಯೋಜನೆ ಇಲ್ಲವಾದ ಮೇಲೆ ಉತ್ತರದಾಯಿ ಯಾರು ಎಂಬುದು ಸ್ಪಷ್ಟವಾಗಬೇಕಿದೆ.

ಎರಡನೆಯದು ಎಣಿಕೆಯದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 2,49,432 ಬಾಲಕಾರ್ಮಿಕರಿದ್ದಾರೆ ಎಂದು ಸರ್ಕಾರಿ ದಾಖಲೆಗಳು ಹೇಳುತ್ತವೆ. 2001ರ 8,22,615ಕ್ಕೆ ಹೋಲಿಸಿದರೆ ಇದು ಭಾರೀ ಇಳಿಕೆ. ಆದರೆ 2011ರ ಈ ಅಂಕಿ ವರ್ಷದ ಬಹುಭಾಗ ದುಡಿಯುವ ‘ಪ್ರಧಾನ ಕಾರ್ಮಿಕ’ ಮಕ್ಕಳದು ಮಾತ್ರ. 2001ರ ಅಂಕಿಯಲ್ಲಿ ಅಲ್ಪಾವಧಿ ದುಡಿಯುವವರೂ ಸೇರಿದ್ದರು. ರಾಷ್ಟ್ರಮಟ್ಟದಲ್ಲಿಯೂ ಹೀಗೆಯೇ: 2011ರ 43.5 ಲಕ್ಷಕ್ಕೆ ಅಲ್ಪಾವಧಿ ಕಾರ್ಮಿಕರನ್ನು ಸೇರಿಸಿದರೆ ಸಂಖ್ಯೆ ಸುಮಾರು 1.01 ಕೋಟಿಯಾಗುತ್ತದೆ. ಬೀಜದ ಹೊಲದಲ್ಲಿ ಎರಡು ತಿಂಗಳು ದುಡಿದು ಶಾಲೆಯ ಕೊಂಡಿ ಕಳಚಿಕೊಳ್ಳುವ ಹುಡುಗಿ ಈ ಅಂತರದಲ್ಲಿಯೇ ಕಾಣೆಯಾಗಿದ್ದಾಳೆ. 2021ರಲ್ಲಿ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿದೆ. 2011ರಲ್ಲಿ ಎಣಿಸಲಾದ ಆ ಮಕ್ಕಳಲ್ಲಿ ಒಬ್ಬರೂ ಇಂದು 18ರೊಳಗಿಲ್ಲ.

ಮುಂದೇನು?

ಹೊಸ ಗಡುವು ಬೇಡವೆಂದಲ್ಲ. ಆದರೆ ರಾಜ್ಯದ ಮಟ್ಟದಲ್ಲಿ ತಕ್ಷಣವೇ ಆಗಬಹುದಾದ ಕೆಲಸಗಳಿವೆ. ಹತ್ತಿ ಬೀಜದ ಹಂಗಾಮಿನಲ್ಲಿ ಸಂಬಂಧಪಟ್ಟ ತಾಲ್ಲೂಕುಗಳ ಶಾಲಾ ಹಾಜರಿಯನ್ನು ವಾರಕ್ಕೊಮ್ಮೆ ಪಂಚಾಯಿತಿಯ ಮುಂದಿಡುವುದಕ್ಕೆ ವಿದೇಶಿ ನೆರವಾಗಲೀ ಹೊಸ ಕಾಯ್ದೆಯಾಗಲೀ ಬೇಕಿಲ್ಲ. ಬೀಜ ಕಂಪನಿಗಳ ಖರೀದಿ ದರದಲ್ಲಿ ವಯಸ್ಕರ ಕನಿಷ್ಠ ಕೂಲಿ ಸೇರಿದೆಯೇ ಎಂದು ಕೃಷಿ ಮತ್ತು ಕಾರ್ಮಿಕ ಇಲಾಖೆಗಳು ಜಂಟಿಯಾಗಿ ಪರಿಶೀಲಿಸಬಹುದು. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14ರ ವಯಸ್ಸಿಗೆ ಮುಗಿಯುತ್ತದೆ. ಎಂಟನೆಯ ತರಗತಿಯ ನಂತರ ಹೆಣ್ಣುಮಗುವೊಂದು ಹೊಲಕ್ಕೆ ಮರಳದಂತೆ ತಡೆಯುವ ಹೊಣೆಯನ್ನು ರಾಜ್ಯ ತಾನಾಗಿಯೇ ಹೊರಬಹುದು.

ಸೇವಾ ಸಂಸ್ಥೆಗಳಿಗೆ ಇಲ್ಲಿ ದೊಡ್ಡ ಪಾತ್ರವಿದೆ, ಜಗತ್ತಿನ ನೆರವಿಗೂ ಇದೆ. ಆದರೆ ಅವು ದಾರಿ ತೋರಬಲ್ಲವು, ಪ್ರಯೋಗ ನಡೆಸಬಲ್ಲವು, ಸರ್ಕಾರವನ್ನು ಎಚ್ಚರಿಸಬಲ್ಲವು. ಪ್ರತಿದಿನ ಬೆಳಗ್ಗೆ ಹೆಸರು ಕೂಗಿ, ಉತ್ತರ ಬಾರದ ಮಗುವನ್ನು ಹುಡುಕಿಕೊಂಡು ಹೋಗುವ ಕೆಲಸ ಊರಿನ ಶಾಲೆಯದು, ಪಂಚಾಯಿತಿಯದು, ಅವುಗಳ ಬೆನ್ನಿಗೆ ನಿಲ್ಲಬೇಕಾದ ಸರ್ಕಾರದ್ದು. ಗಡುವು ತಪ್ಪಿದ್ದು ಜಿನೀವಾದಲ್ಲಾದರೂ ಹಾಜರಿ ತಪ್ಪುತ್ತಿರುವುದು ನಮ್ಮ ಊರುಗಳಲ್ಲಿ.